ಕೊಂಡಮ್ಮನ ಗ್ರಹಣದ ತಪ್ಪು

ಆ ಕಾಲದಲ್ಲಿ ಶಾಲೆಗೆ ಸೇರಿಸಲು ಜಾತಕ ಯಾರೂ ಕೇಳುತ್ತಿರಲಿಲ್ಲ. ಮಗು ಕೈಯನ್ನು ತಲೆಯ ಮೇಲಿಂದ ಹಾಯಿಸಿ ಆಚೆ ಕಿವಿ ಮುಟ್ಟಿದರೆ ವಯಸ್ಸಾಯಿತೆಂದು ಲೆಕ್ಕ. ತಾಯಲೂರು ಕಡೆಯ ಆ ಹಳ್ಳಿಯಲ್ಲಿ ವಿಜಯದಶಮಿಯ ಬೆಳಿಗ್ಗೆ ಕೊಂಡಮ್ಮನ ಮಗ ಕದಿರೇಶ ಎಡಗೈಯಿಂದ ಬಲಗಿವಿಯನ್ನು ಗಟ್ಟಿಯಾಗಿ ಹಿಡಿದು ನಿಂತ.

“ಬಲಗೈಯಲ್ಲಿ ಮುಟ್ಟೋ,” ಎಂದರು ರಾಮಚಂದ್ರಪ್ಪ ಮೇಷ್ಟ್ರು.

ಬಲಗೈ ಎಲ್ಲಿಂದ ತರುವುದು? ಹುಟ್ಟಿನಿಂದಲೇ ಅದು ಮೊಣಕೈಗೆ ಮುಗಿದಿತ್ತು. ಮೇಷ್ಟ್ರಿಗೇನು ಕಣ್ಣಿರಲಿಲ್ಲವೇ? ಹೋದ ವರ್ಷವೂ ಇದೇ ಮಾತು ಹೇಳಿ ಅಟ್ಟಿದ್ದರು.

“ಎಡಗೈಯಲ್ಲೇ ಎಲ್ಲಾ ಮಾಡ್ತಾನೆ ಸ್ವಾಮಿ. ಬರೆಯೋದೂ ಕಲೀತಾನೆ,” ಎಂದಳು ಕೊಂಡಮ್ಮ.

“ಮಗೂದೇನು ತಪ್ಪಿಲ್ಲಮ್ಮ, ತಪ್ಪು ನಿಂದು. ಬಸುರೀಲಿ ಗ್ರಹಣದ ಹೊತ್ತು ಈಳಿಗೆ ಮಣೆ ಮುಟ್ಟಿರ್ತೀಯ. ಇಷ್ಟು ಜನದ ಮುಂದೆ ಒಪ್ಕೋ, ದೋಷ ಕಳೀತದೆ, ಸೇರಿಸ್ಕೋತೀನಿ. ಇಲ್ಲಾಂದ್ರೆ ಕರ್ಕೊಂಡು ಹೋಗು.”

ಅಬ್ಬಾ, ಎಂಥ ನ್ಯಾಯ! ಜಗಲಿಯ ತುಂಬ ಮಕ್ಕಳನ್ನು ಕರೆತಂದಿದ್ದ ಹೆತ್ತವರು ಕತ್ತು ಚಾಚಿ ನೋಡುತ್ತಿದ್ದರು. ಆ ಗ್ರಹಣದಲ್ಲಿ ಕೊಂಡಮ್ಮ ಒಳಕೋಣೆಯ ಚಾಪೆಯ ಮೇಲೆ ಅಲ್ಲಾಡದೆ ಮಲಗಿದ್ದಳು. ನಾಲಿಗೆ ಒಣಗಿದರೂ ನೀರು ಕುಡಿಯಲಿಲ್ಲ, ಸೊಳ್ಳೆ ಕಚ್ಚಿದರೂ ಕೆರೆದುಕೊಳ್ಳಲಿಲ್ಲ. ಅತ್ತೆ ದೊಡ್ಡಗಂಗಮ್ಮ ಈಳಿಗೆ ಮಣೆಯನ್ನು ಅಟ್ಟಕ್ಕೆ ಹಾಕಿ ಬಾಗಿಲಲ್ಲೇ ಕಾವಲು ಕೂತಿದ್ದಳು. ಈ ಮನುಷ್ಯನ ಮುಖಕ್ಕೆ ಉಗಿದು ಹೋಗಿಬಿಡೋಣ ಎನ್ನಿಸಿತು ಕೊಂಡಮ್ಮನಿಗೆ.

ಮಗನ ಕಡೆ ತಿರುಗಿದಳು. ಬಿಡು ಎಂದು ಯಾರೂ ಹೇಳಿರಲಿಲ್ಲವಲ್ಲ, ಅವನು ಇನ್ನೂ ಕಿವಿ ಹಿಡಿದೇ ನಿಂತಿದ್ದ. ಕಿವಿ ಕೆಂಪಾಗಿತ್ತು. ಈ ಸಲವೂ ವಾಪಸು ಹೋದರೆ ಇವನ ಪಾಲಿಗೆ ಅಕ್ಷರವಿಲ್ಲ.

“ಹೌದು ಸ್ವಾಮಿ. ಮುಟ್ಟಿದೆ,” ಎಂದಳು. ನಂಬಲಿ ಎಂದು ಇನ್ನೊಂದು ಮಾತು ಸೇರಿಸಿದಳು. “ಬದನೇಕಾಯಿ ಹೆಚ್ಚಿದೆ.”

“ಅಯ್ಯೋ ಪಾಪಿಷ್ಠೆ!” ಎಂದಳು ಜಗಲಿಯಲ್ಲಿ ಒಬ್ಬಳು.

“ಕಿವಿ ಬಿಡೋ. ಬಾ, ಕೂತ್ಕೋ,” ಎಂದರು ಮೇಷ್ಟ್ರು.

ಸಂಜೆ ಊಟಕ್ಕೆ ಕೂತಾಗ ಕೊಂಡಮ್ಮ ಎಂದಿನಂತೆ ಮುದ್ದೆ ಮುರಿದುಕೊಡಲು ಕೈ ಚಾಚಿದಳು.

“ಅಮ್ಮಾ, ನನ್ನ ಕೈ ನೀನೇ ಕುಯ್ದಿದ್ದಾ?”

ಇಲ್ಲ ಕಣೋ ಎನ್ನಲು ಬಾಯಿ ತೆರೆದಳು. ಆದರೆ ಮಕ್ಕಳ ಬಾಯಿಗೆ ಬಾಗಿಲುಂಟೇ? ನಾಳೆ ಶಾಲೆಯಲ್ಲಿ ಒದರಿಬಿಟ್ಟರೆ ಮೇಷ್ಟ್ರು ಮತ್ತೆ ಹೊರಗೆ ಹಾಕುತ್ತಾರೆ.

“ಹೂಂ ಕಣಪ್ಪ,” ಎಂದಳು.

ಕದಿರೇಶ ತಟ್ಟೆಯನ್ನು ಅವಳಿಂದ ದೂರಕ್ಕೆ ಎಳೆದುಕೊಂಡು ತಾನೇ ಉಂಡ.