ಬಿಸಿನೀರಿನ ಚೀಲ

ಅಲಮಾರಿಯ ಮೇಲಿನ ಖಾನೆ ಖಾಲಿಯಾಗಿತ್ತು. ಆಗಷ್ಟೇ ಆಸ್ಪತ್ರೆಯಿಂದ ಮನೆಗೆ ಬಂದ ಸೊಸೆ, ಹೊಟ್ಟೆಯ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ಅಲ್ಲೇ ನಿಂತಳು. ಅವಳ ಎರಡೂ ಹುಳುಡಬ್ಬಿಗಳು ಮಾಯ.

ತಾನು ಸಂಶೋಧನೆ ಮಾಡುವ ಪ್ರಯೋಗಾಲಯದ ಕರೆಂಟು ಕೈಕೊಟ್ಟಿತೆಂದು ಅವನ್ನು ಮನೆಗೆ ತಂದಿದ್ದಳು. ಆ ಸಂಜೆಯೇ ಅಪೆಂಡಿಕ್ಸ್ ನೋವು ಅವಳನ್ನು ಮಲಗಿಸಿಬಿಟ್ಟಿತು. ಹುಳುವಾದರೂ ಎಂಥದ್ದು? ಹಿಟ್ಟಿನ ಹುಳು! ಅತ್ತೆ ಜೀವಮಾನವಿಡೀ ಜರಡಿ ಹಿಡಿದು ಹೋರಾಡಿದ್ದೇ ಇವುಗಳ ಮೇಲೆ. ಎಸೆದುಬಿಟ್ಟಿರಾ ಎಂದು ಆಸ್ಪತ್ರೆಯಲ್ಲಿ ಕೇಳುವ ಧೈರ್ಯ ಅವಳಿಗೆ ಬಂದಿರಲಿಲ್ಲ.

ಮರಿಹುಳುವನ್ನು ಮರಿಯಾಗಿಯೇ ಇಡುವ ಹಾರ್ಮೋನೊಂದಿದೆ. ಅದರ ಮಟ್ಟ ಇಳಿದ ಮೇಲೂ ಅದರ ಆಜ್ಞೆ ಮೈಯೊಳಗೆ ಉಳಿದಿರುತ್ತದೆ; ಆ ಆಜ್ಞೆ ಅಳಿಸಿಹೋದರೆ ಮಾತ್ರ ಮರಿ ಕೋಶವಾಗುತ್ತದೆ. ಅಳಿಸುವುದು ಆರ್‌ಎನ್‌ಎಯ ಒಂದು ಪುಟ್ಟ ಚೂರು ಎಂದು ಸೊಸೆಯ ನಂಬಿಕೆ. ಕೆಂಪು ಮುಚ್ಚಳದ ಡಬ್ಬಿಯ ಮರಿಗಳಲ್ಲಿ ಆ ಚೂರನ್ನೇ ತಡೆದಿದ್ದಳು; ಬಿಳಿ ಮುಚ್ಚಳದವನ್ನು ಹೋಲಿಕೆಗೆಂದು ಹಾಗೇ ಬಿಟ್ಟಿದ್ದಳು. ನಂಬಿಕೆ ನಿಜವೋ ಸುಳ್ಳೋ ತಿಳಿಯಬೇಕಾದ ವಾರದಲ್ಲೇ ಹೀಗಾಯಿತು. ಮೂರು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂದು ಅವಳ ಕಣ್ಣು ತುಂಬಿತು.

"ಅಲ್ಲೇನು ಹುಡುಕ್ತಿದ್ದೀಯ? ಬಾ ಇಲ್ಲಿ," ಅತ್ತೆ ತಮ್ಮ ಕೋಣೆಯಿಂದ ಕರೆದರು.

ಹಾಸಿಗೆಯ ಮೇಲೆ ಹಳೆಯ ಶಾಲಿನ ಗಂಟು. ಬಿಡಿಸಿದರೆ ಎರಡೂ ಡಬ್ಬಿಗಳು, ನಡುವೆ ಅತ್ತೆಯ ಮಂಡಿನೋವಿನ ಬಿಸಿನೀರಿನ ಚೀಲ.

"ಬೆಚ್ಚಗಿರ್ಬೇಕು ಅಂತ ಫೋನಲ್ಲಿ ಯಾರಿಗೋ ಹೇಳ್ತಿದ್ದೆಯಲ್ಲ, ಕೇಳಿಸ್ಕೊಂಡಿದ್ದೆ. ಬಿಳಿ ಮುಚ್ಚಳದವು ಅಲ್ಲಾಡದೆ ಮಲಗಿಬಿಟ್ವು. ಸತ್ತೇ ಹೋದ್ವೇನೋ ಅಂತ ಜೀವ ಬಾಯಿಗೆ ಬಂತು ನಂಗೆ."

"ಸತ್ತಿಲ್ಲ ಅತ್ತೆ, ಕೋಶ ಆಗಿವೆ. ಇನ್ನು ರೆಕ್ಕೆ ಬರುತ್ತೆ. ಕೆಂಪು ಮುಚ್ಚಳದವು?"

"ತಿಂತವೆ, ಊದ್ಕೊಳ್ತವೆ, ದೊಡ್ಡವಾಗೋ ಯೋಚನೇನೇ ಇಲ್ಲ. ಥೇಟ್ ನಿನ್ನ ಗಂಡ."

ಸೊಸೆ ಮುಚ್ಚಳ ತೆಗೆದಳು. ಹಿಟ್ಟಿನೊಳಗೆ ಮರಿಗಳು, ಬರೀ ಮರಿಗಳು, ದಪ್ಪದಪ್ಪಗೆ ಹರಿದಾಡುತ್ತಿದ್ದವು. ನಂಬಿಕೆ ನಿಜವಾಗಿತ್ತು. ನಕ್ಕರೆ ಹೊಲಿಗೆ ಎಳೆಯಿತು, ಅಳು ಬಂದರೂ ಎಳೆಯಿತು.

"ನಿಮ್ಮ ಋಣ ಹೇಗೆ ತೀರಿಸ್ಲಿ ಅತ್ತೆ?"

"ಋಣಗಿಣ ಏನೂ ಬೇಡ. ನನ್ನ ಅಡುಗೆಮನೆಗೆ ಮಾತ್ರ ಇವನ್ನ ಬಿಡ್ಬೇಡ ಮಹರಾಯ್ತಿ."

ಹೀಗೆನ್ನುತ್ತ ಅತ್ತೆ ಮಂಡಿ ಹಿಡಿದುಕೊಂಡು ಹಾಸಿಗೆಯ ಮೇಲೆ ಕುಳಿತರು. ಇಷ್ಟು ದಿನವೂ ಆ ಮಂಡಿಗೆ ಶಾಖವಿರಲಿಲ್ಲ ಎಂಬುದು ಸೊಸೆಗೆ ಆಗ ಹೊಳೆಯಿತು. ಮೆಲ್ಲಗೆ ಎದ್ದು ನೀರು ಕಾಯಿಸಿದಳು, ಚೀಲ ತುಂಬಿಸಿ ತಂದು ಅತ್ತೆಯ ಮಂಡಿಯ ಮೇಲಿಟ್ಟಳು.

ಅತ್ತೆ ಹಾಯಾಗಿ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ, ಕಣ್ಣು ತೆರೆಯದೆಯೇ, ಕೆಂಪು ಮುಚ್ಚಳದ ಡಬ್ಬಿಯನ್ನು ಕೈಯಿಂದ ತಡವಿ ಮಂಡಿಯ ಮೇಲಿನ ಬಿಸಿ ಚೀಲದ ಪಕ್ಕಕ್ಕೆ ಎಳೆದುಕೊಂಡರು.