ಜೈಸರಾ ಅಕ್ಕನ ಮಂಡಿ, ಆಚೆ ಗುಡ್ಡದ ಅಣ್ಣ

ನಮ್ಮ ಗುಡ್ಡದಲ್ಲಿ ಮಂಡಿನೋವು ಅಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಎಂಟು ವರ್ಷಕ್ಕೇ ಬೆನ್ನಿಗೆ ಡೋಕೋ ಬುಟ್ಟಿ, ಹಣೆಗೆ ಅದರ ಪಟ್ಟಿ. ಸೌದೆ, ಹುಲ್ಲು, ಗೊಬ್ಬರ ಎಲ್ಲವೂ ಬೆನ್ನ ಮೇಲೆಯೇ. ಐವತ್ತು ದಾಟಿ ಮಂಡಿ ಕಿರುಗುಟ್ಟಿದರೆ "ವಯಸ್ಸಾಯ್ತಲ್ಲ" ಎಂದು ಸುಮ್ಮನಾಗುತ್ತಾರೆ. ನಾನು ಮನ್‌ಕಲಾ ಪುನ್, ಹದಿನೇಳು ವರ್ಷದಿಂದ ಊರಿನ ಆರೋಗ್ಯ ಸ್ವಯಂಸೇವಕಿ. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ.

ಪಕ್ಕದ ಮನೆಯ ಜೈಸರಾ ಅಕ್ಕನಿಗೆ ಐವತ್ತೊಂಬತ್ತು. ಅವಳ ಅಂಗಳದಲ್ಲಿ ನಿಂತರೆ ಕೆಳಗೆ ನದಿ, ನದಿಯ ಆಚೆ ಗುಡ್ಡ, ಆ ಗುಡ್ಡದ ನೆತ್ತಿಯಲ್ಲಿ ಅವಳ ತವರು. ಬಿಸಿಲಿದ್ದ ದಿನ ತಗಡಿನ ಮಾಡು ಮಿನುಗುವುದು ಕಾಣುತ್ತದೆ. ಅಲ್ಲಿ ಅವಳ ಒಬ್ಬನೇ ಅಣ್ಣ, ಹರ್ಕ್‌ಜಿತ್. ಕೂಗಿದರೆ ಕೇಳಿಸೀತು ಅನ್ನಿಸುತ್ತದೆ. ಆದರೆ ಸಾವಿರದ ಒಂಬೈನೂರು ಕಲ್ಲು ಮೆಟ್ಟಿಲು ಇಳಿದು, ತೂಗುಸೇತುವೆ ದಾಟಿ, ಮತ್ತೆ ಹತ್ತಬೇಕು. ಜೀಪಿನ ರಸ್ತೆ ಮಳೆಗೆ ಕುಸಿದು ಎರಡು ವರ್ಷವಾಯಿತು.

ಕಾರ್ತಿಕದಲ್ಲಿ ಬರುವ ದೀಪಗಳ ಹಬ್ಬ ತಿಹಾರ್. ಅದರ ಕೊನೆಯ ದಿನ ಅಕ್ಕತಂಗಿಯರು ಅಣ್ಣತಮ್ಮಂದಿರ ಸುತ್ತ ಎಣ್ಣೆಯ ಗೆರೆ ಎಳೆಯುತ್ತ ಮೂರು ಸುತ್ತು ಬರಬೇಕು. ಆ ಗೆರೆ ದಾಟಿ ಯಮ ಬರಲಾರ. ಆಮೇಲೆ ಹೊಸ್ತಿಲಲ್ಲಿ ಅಕ್ರೋಟು ಒಡೆದು, ಹಣೆಗೆ ಏಳು ಬಣ್ಣದ ತಿಲಕ. ಹರ್ಕ್‌ಜಿತ್ ಅಣ್ಣ ಪ್ರತಿ ವರ್ಷ ತಾನೇ ಬರುತ್ತಿದ್ದ. ಹೋದ ವರ್ಷ ಮೇವಿನ ಮರದಿಂದ ಬಿದ್ದು ತೊಡೆಯ ಎಲುಬು ಮುರಿದುಕೊಂಡ. ನಾನೇ ಹೋಗುತ್ತೇನೆಂದು ಹೊರಟ ಅಕ್ಕ ಹದಿನಾರನೇ ಮೆಟ್ಟಿಲಲ್ಲಿ ಮಂಡಿ ಹಿಡಿದು ಕೂತುಬಿಟ್ಟಳು. ಕೊನೆಗೆ ಸೊಸೆ ಬಿಸ್ಮಾಯಾ ಫೋನಿನಲ್ಲಿ ಅಣ್ಣನ ಮುಖ ತೋರಿಸಿದಳು. ಅಕ್ಕ ಫೋನಿನ ಗಾಜಿಗೇ ತಿಲಕ ಇಟ್ಟಳು. ಮೂರು ಬಣ್ಣ ಇಡುವಷ್ಟರಲ್ಲಿ ಕರೆ ಕಡಿದುಹೋಯಿತು. ಸೊಸೆ ಸೆರಗಿನಿಂದ ಗಾಜು ಒರೆಸಲು ಹೋದಾಗ "ಒರೆಸಬೇಡ್ವೇ!" ಎಂದು ಅಕ್ಕ ಅತ್ತದ್ದು ನನ್ನ ಮನೆಗೂ ಕೇಳಿಸಿತು.

ಅಂದಿನಿಂದ ಅವಳು ಒಲೆಯ ಪಕ್ಕ ಕಾಲಿಗೆ ಕಂಬಳಿ ಹೊದ್ದು ಕೂತಳು. ಅಂಗಳಕ್ಕೂ ಇಳಿಯಳು. ಉಳಿದಿರುವ ಮಂಡಿಯನ್ನು ಮುಂದಿನ ತಿಹಾರ್‌ಗೆಂದು ಜೋಪಾನ ಮಾಡುತ್ತಾಳಂತೆ, ಪೆಟ್ಟಿಗೆಯಲ್ಲಿ ಮದುವೆ ಸೀರೆ ಇಟ್ಟ ಹಾಗೆ.

ಮಾಘದ ಚಳಿಯಲ್ಲಿ ಒಂದು ಬೆಳಿಗ್ಗೆ ಹೋದೆ. ಬಿಸ್ಮಾಯಾ ಸಾರಿಗೆಂದು ಮೇಕೆಯ ಕಾಲು ಕಡಿಯುತ್ತಿದ್ದಳು.

"ಅತ್ತೆ ಮಂಡಿಗೆ" ಅಂದಳು. "ಕಾಲಿನ ಸಾರು ಕುಡಿದ್ರೆ ನೇರ ಕಾಲಿಗೇ ಹೋಗುತ್ತಂತೆ."

"ಹಂಗಿದ್ರೆ ಮೇಕೆ ತಲೆ ತಿಂದೋರೆಲ್ಲ ಜಾಣರಾಗ್ಬೇಕಿತ್ತು. ನಿನ್ನ ಮೈದುನನ್ನೇ ನೋಡು, ಎಷ್ಟು ತಲೆ ತಿಂದಿದ್ದಾನೆ!"

ಅಕ್ಕನಿಗೂ ನಗು ಬಂತು. ನಾನು ಕೀಲಿನ ತುಂಡೊಂದನ್ನು ಎತ್ತಿ ಅವಳ ಮುಂದೆ ಹಿಡಿದೆ.

"ಈ ಬಿಳೀ ತುದಿ ಮುಟ್ಟು ಅಕ್ಕ."

"ಅಯ್ಯ, ಬೆಣ್ಣೆ ಸವರಿದಂಗಿದೆ."

"ಇದೇ ಮೆದು ಎಲುಬು. ನಿನ್ನ ಕಿವಿ ಮಡಚು, ಮೂಗಿನ ತುದಿ ಅಲ್ಲಾಡ್ಸು. ಅವೂ ಇದೇ ಜಾತಿ. ಎಲುಬಿಗೆ ಎಲುಬು ಉಜ್ಜದೇ ಇರ್ಲಿ ಅಂತ ಕೀಲಲ್ಲಿ ಎರಡೂ ಕಡೆ ಟೊಪ್ಪಿಗೆ ಹಾಕ್ಕೊಂಡು ಕೂತಿರುತ್ತೆ. ನಿನ್ನ ಮಂಡೀಲಿ ಈ ಟೊಪ್ಪಿಗೆ ಸವೆದಿದೆ."

"ಒಳಗಿರೋದು ಒಣ ಕಟ್ಟಿಗೆ ಕಣೇ. ಕಟ್ಟಿಗೆ ಸವೆದ ಮೇಲೆ ಮುಗೀತು."

"ಕಟ್ಟಿಗೆ ಮುರಿದ್ರೆ ಕೂಡುತ್ತಾ? ನಿಮ್ಮಣ್ಣನ ತೊಡೆ ಕೂಡಿಕೊಳ್ತಲ್ಲ!" ಬಿಸ್ಮಾಯಾ ಸೀಳಿದ್ದ ಎಲುಬನ್ನು ತೋರಿಸಿದೆ. "ಹೊರಗೆ ಗಟ್ಟಿ. ತುದಿಯ ಒಳಗೆ ಜೇನುಹಟ್ಟಿ ಥರ ತೂತು ತೂತು, ನಡುವೆ ಮಜ್ಜೆ. ಮೈಗೆ ಬೇಕಾದ ರಕ್ತ ಹುಟ್ಟೋದು ಮಜ್ಜೇಲಿ. ಎಲುಬಿಗೆ ಜೀವ ಇದೆ ಅಕ್ಕ. ಹಳೇದನ್ನ ಕೆಡವಿ ಹೊಸದು ಕಟ್ಟೋ ಕೆಲಸ ದಿನಾ ನಡೀತಿರುತ್ತೆ. ನಡೆದಾಡಿದ್ರೆ ಕಟ್ಟೋರಿಗೆ ಹುರುಪು. ಕೂತುಬಿಟ್ರೆ ಕೆಡವೋರದ್ದೇ ಕಾರುಬಾರು."

ಅಕ್ಕನ ಕಣ್ಣು ಅರಳಿತು. "ಹಂಗಾದ್ರೆ ನನ್ನ ಮಂಡಿ ಟೊಪ್ಪಿಗೇನೂ ಮತ್ತೆ ಬೆಳೆಯುತ್ತಾ?"

ಈ ಪ್ರಶ್ನೆಗೆ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. "ಇಲ್ಲ ಅಕ್ಕ. ಎಲುಬಿಗೆ ರಕ್ತದ ನಾಳ ಇದೆ, ಮುರಿದ್ರೂ ಕೂಡುತ್ತೆ. ಮೆದು ಎಲುಬಿಗೆ ರಕ್ತದ ನಾಳಾನೇ ಇಲ್ಲ. ಸವೆದದ್ದು ಮೊದಲಿನಂಗೆ ಬೆಳೆಯಲ್ಲ."

ಅವಳು ಬಾಗಿಲಾಚೆ ಮಿನುಗುವ ತಗಡಿನ ಕಡೆ ನೋಡಿದಳು. "ಅದಕ್ಕೇ ನಾನು ಕೂತಿರೋದು. ಉಳಿದಿದ್ದಾದ್ರೂ ಉಳೀಲಿ ಅಂತ. ಒಂದೇ ಒಂದು ಸಲ ಅಣ್ಣನ ಹತ್ರ ಹೋಗೋಷ್ಟು ಸಾಕು ನಂಗೆ."

"ಎಡವಿದ್ದೇ ಅಲ್ಲಿ ನೀನು. ರಕ್ತ ಇಲ್ದೇ ಅದು ಊಟ ಹೆಂಗೆ ಮಾಡುತ್ತೆ ಹೇಳು?" ಒಲೆ ಸಾರಿಸುವ ಬಟ್ಟೆಯನ್ನು ನೀರಲ್ಲಿ ಅದ್ದಿ ನೀರೊಳಗೇ ಹಿಂಡಿದೆ, ಬಿಟ್ಟೆ. ಬಟ್ಟೆ ಮತ್ತೆ ನೀರು ಕುಡಿಯಿತು. "ಕೀಲಿನೊಳಗೆ ಲೋಳೆಯಂಥ ನೀರಿದೆ. ಹೆಜ್ಜೆ ಊರಿದಾಗ ಮೆದು ಎಲುಬು ಹಿಂಡಿಕೊಳ್ಳುತ್ತೆ, ಎತ್ತಿದಾಗ ಆ ನೀರು ಕುಡಿಯುತ್ತೆ. ಅದೇ ಅದರ ಊಟ. ಕೂತೇ ಇದ್ರೆ ಉಪವಾಸ. ಬಿಡದೇ ಹೊರೆ ಹೇರಿದ್ರೆ ಬಟ್ಟೆ ಚಿಂದಿ. ಮೂರು ತಿಂಗಳಿಂದ ನೀನು ಜೋಪಾನ ಮಾಡಿಲ್ಲ ಅಕ್ಕ, ಹಸಿವಿನಲ್ಲಿ ಕೆಡವಿದ್ದೀಯ."

ಅಕ್ಕ ಮುಖ ಊದಿಸಿದಳು. "ನಡೀ ಅಂತೀಯ, ಹೊರಬೇಡ ಅಂತೀಯ. ಹೆಂಗೆ ನಡೆಯೋದು?"

ನಾನು ಅಟ್ಟದ ಬಿದಿರಿಗೆ ಸಿಕ್ಕಿಸಿದ್ದ ಅವಳ ತೋಕ್ಮಾ ಎಳೆದುಕೊಂಡೆ. ಮೇಲ್ತುದಿಯಲ್ಲಿ ಅಡ್ಡ ಹಿಡಿಯಿರುವ ಗಿಡ್ಡ ಕೋಲು. ಹೊರೆ ಹೊತ್ತವರು ನಿಂತಲ್ಲೇ ಬುಟ್ಟಿಯ ಕೆಳಗೆ ಅದನ್ನು ಊರಿ ಉಸಿರು ಬಿಡುತ್ತಾರೆ.

"ಇದರ ಲೆಕ್ಕ ನಿಂಗೆ ನಾನು ಹೇಳಿಕೊಡ್ಬೇಕಾ? ಮೂವತ್ತು ಹೆಜ್ಜೆ, ಒಂದು ನಿಲುವು. ಮೂವತ್ತು ಹೆಜ್ಜೆ, ಒಂದು ನಿಲುವು. ನಲವತ್ತು ವರ್ಷ ನಿನ್ನ ಬೆನ್ನಿಗೆ ಕೊಟ್ಟ ಉಪಚಾರ ಈಗ ಮಂಡಿಗೂ ಕೊಡು."

ಅವಳು ಕೋಲು ಇಸಿದುಕೊಂಡು, ಹಿಡಿ ಸವೆದಿದ್ದ ಜಾಗದಲ್ಲಿ ಹೆಬ್ಬೆರಳು ಆಡಿಸಿದಳು.

ಮರುವಾರ ಆರೋಗ್ಯ ಕೇಂದ್ರಕ್ಕೆ ಹೊರಟೆವು. ಗುಡ್ಡದ ಓರೆಯಲ್ಲಿ ಸಮನಾದ ಹಾದಿ, ನಿಂತು ನಿಂತು ಹೋದೆವು. ಅಂಗಡಿಯಿಂದ ತಂದು ನುಂಗುತ್ತಿದ್ದ ನೋವಿನ ಮಾತ್ರೆಯ ಪಟ್ಟಿಗಳನ್ನು ಬಿಸ್ಮಾಯಾ ಚೀಲದಿಂದ ಸುರಿದಾಗ ಡಾಕ್ಟರು ಬೈದರು. ಹೊಟ್ಟೆ, ಮೂತ್ರಪಿಂಡ ಎರಡೂ ಕೆಡುತ್ತವಂತೆ. ತೊಡೆಗೆ ಬಲ ಬರುವ ಕಸರತ್ತು ಹೇಳಿಕೊಟ್ಟರು. ಎತ್ತರದ ಮಣೆಯ ಮೇಲೆ ಕೂತು ಕಾಲು ನೇರ ಚಾಚಿ ಹತ್ತು ಎಣಿಸಿ ಇಳಿಸಬೇಕು. ತೊಡೆ ಗಟ್ಟಿಯಾದರೆ ಮಂಡಿಯ ಭಾರ ಅದೇ ಹಂಚಿಕೊಳ್ಳುತ್ತದೆ. ಕುಕ್ಕರಗಾಲಲ್ಲಿ ಕೂರುವುದು ಬಂದ್. ಬೆಳಗಿನ ಬಿಸಿಲು, ಮುದ್ದೆಯಂಥ ರಾಗಿ ಢಿಂಡೋ, ಮೊಸರು, ಎಳ್ಳು, ಸೊಪ್ಪು. ಸಾರು ಕುಡಿಯಬೇಡ ಅಂತ ಯಾರೂ ಹೇಳಲಿಲ್ಲ, ಅದೊಂದನ್ನೇ ನಂಬಬೇಡ ಅಂದರು ಅಷ್ಟೇ. ಕೂತು ಉಣ್ಣುವವರಿಗೆ ಕುಡಿಕೆ ಹೊನ್ನೂ ಸಾಲದಲ್ಲ.

ಎಲ್ಲ ಸಲೀಸಾಗಿ ನಡೆಯಿತು ಅಂದರೆ ನೀವು ನಂಬಬೇಡಿ. ಆಷಾಢದಲ್ಲಿ ಆಸೆ ಹೆಚ್ಚಾಗಿ ಒಂದೇ ದಿನ ಇನ್ನೂರು ಮೆಟ್ಟಿಲು ಇಳಿದು ಹತ್ತಿದಳು. ಮಂಡಿ ಊದಿತು. "ನಿನ್ನ ಮಾತು ಕೇಳಿ ಕೆಟ್ಟೆ" ಎಂದು ಕೋಲನ್ನು ಅಂಗಳಕ್ಕೆ ಎಸೆದಳು. ನಾಲ್ಕು ದಿನ ನನ್ನ ಜೊತೆ ಮಾತಿಲ್ಲ. ಐದನೇ ದಿನ ನೋಡಿದರೆ ಅಂಗಳದಲ್ಲೇ ಮೂವತ್ತು ಹೆಜ್ಜೆ, ಒಂದು ನಿಲುವು. ಪ್ರತಿ ನಿಲುವಿನಲ್ಲೂ ಅವಳ ಮುಖ ಆಚೆ ಗುಡ್ಡದ ಕಡೆಗೇ ಇತ್ತು.

ತಿಹಾರ್‌ಗೆ ಅಣ್ಣ ಬರುವಂತಿರಲಿಲ್ಲ, ಎಲುಬು ಕೂಡಿದ್ದರೂ ಅಷ್ಟು ಮೆಟ್ಟಿಲು ಅವನಿಂದ ಇನ್ನೂ ಆಗದು. ತಿಲಕದ ಹಿಂದಿನ ದಿನವೇ ನಾವು ಹೊರಟೆವು. ಇಳಿಯುವಾಗ ಕೋಲು, ನೋವಿನ ಕಾಲು ಮುಂದೆ. ಏರುವಾಗ ಒಳ್ಳೆಯ ಕಾಲು ಮುಂದೆ. ಪ್ರತಿ ಅರಳಿಕಟ್ಟೆಯಲ್ಲೂ ಕೂತೆವು. ಅರ್ಧ ದಿನದ ದಾರಿಗೆ ಇಡೀ ದಿನ ಹಿಡಿಯಿತು, ನನ್ನ ಕಾಲೇ ಸೋತಿತು. ತಗಡಿನ ಮನೆ ಹತ್ತಿರವಾದಾಗ ಅಕ್ಕ ಹಿಂದೆ ತಿರುಗಿ ತನ್ನ ಮನೆ ನೋಡಿದಳು. "ಅಯ್ಯೋ, ಇಲ್ಲಿಂದ ನಮ್ಮನೆ ಎಷ್ಟು ಸಣ್ಣದಾಗಿ ಕಾಣುತ್ತೆ! ಅಣ್ಣ ದಿನಾ ಇಷ್ಟನ್ನೇ ನೋಡ್ತಿದ್ನಾ?"

ಮರುದಿನ ಹರ್ಕ್‌ಜಿತ್ ಅಣ್ಣನನ್ನು ಬೆಂಚಿನ ಮೇಲೆ ಕೂರಿಸಿದರು. ಅಕ್ಕ ಎಡಗೈಯಲ್ಲಿ ತೋಕ್ಮಾ, ಬಲಗೈಯಲ್ಲಿ ಎಣ್ಣೆಯ ತಾಮ್ರದ ಚೊಂಬು ಹಿಡಿದು ಸುತ್ತಿಗೆ ನಿಂತಳು.

"ಒಂದು ಸುತ್ತು ಸಾಕು ತಂಗಿ. ಮಂಡಿ ನೋಯುತ್ತೆ."

"ನೀನು ಸುಮ್ನೆ ಕೂತ್ಕೋ."

ಒಂದು, ಎರಡು, ಮೂರು. ಅವಳು ನಿಲ್ಲಲಿಲ್ಲ. ನಾಲ್ಕು.

"ಮೂರಾಯ್ತಲ್ಲೇ ಜೈಸರಾ!"

"ಇವು ಹೋದ ವರ್ಷದ್ದು" ಅಂದಳು. ಆರು ಸುತ್ತು ಮುಗಿಸಿದ ಮೇಲೇ ಅಣ್ಣನ ಮುಂದೆ ಬಂದು ನಿಂತದ್ದು.

ಅಣ್ಣ ತಲೆ ಎತ್ತಿ ಅವಳನ್ನು ನೋಡಿದ. "ಹೋದ ವರ್ಷ ನೀನು ಫೋನಿನ ಗಾಜಿಗೆ ತಿಲಕ ಇಡ್ವಾಗ ನಾನಿಲ್ಲಿ ಹಣೆ ಮುಂದೆ ಚಾಚಿದ್ದೆ ಕಣೇ. ಕರೆ ಕಡಿದ ಮೇಲೂ ಹಂಗೇ ಕೂತಿದ್ದೆ."

ಅವಳು ಏಳು ಬಣ್ಣವನ್ನೂ ಒಂದೊಂದಾಗಿ, ಅವಸರವಿಲ್ಲದೆ, ಅವನ ಹಣೆಗೆ ಇಟ್ಟಳು.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಮಂಡಿ ನೋಯುತ್ತಿದ್ದರೆ ವಯಸ್ಸನ್ನು ಬೈಯುತ್ತ ಮೂಲೆ ಸೇರಬೇಡಿ. ಊತ, ಬಿಸಿ, ಜ್ವರ ಇದ್ದರೆ ಅಂದೇ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಂಗಡಿಯ ಮಾತ್ರೆ ನುಂಗುತ್ತ ದಿನ ದೂಡಬೇಡಿ. ಎಲುಬಿಗೆ ಬಿಸಿಲು ಕೊಡಿ, ರಾಗಿ ಕೊಡಿ. ಮಂಡಿಗೆ ನಡಿಗೆ ಕೊಡಿ, ನಡುನಡುವೆ ನಿಲುವು ಕೊಡಿ. ಸವೆದದ್ದು ತಿರುಗಿ ಬಾರದಿದ್ದರೂ ಉಳಿದದ್ದರಲ್ಲೇ ಬಹಳ ದೂರ ಹೋಗಬಹುದು. ಇವತ್ತೇ ಎದ್ದು ಅಂಗಳದ ತುದಿಯವರೆಗೆ ಹೋಗಿ ಬನ್ನಿ. ಯಾವುದೋ ಗುಡ್ಡದಲ್ಲಿ ನಿಮಗಾಗಿಯೂ ಒಬ್ಬರು ಹಣೆ ಮುಂದೆ ಚಾಚಿ ಕೂತಿದ್ದಾರೆ.