ಮಾರಾಟಕ್ಕಿದ್ದ ಮಹಡಿ ಮನೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ಊರಲ್ಲಿ ನಾನು ಮಾರಿಸದ ಮನೆ ಇಲ್ಲ. ನನ್ನ ಬಾಯಿಗೆ ಬಿದ್ದರೆ ಕೋಳಿಗೂಡೂ ದರ್ಬಾರು ಹಾಲ್ ಆಗುತ್ತೆ. ಸೂರೇ ಇಲ್ಲದ ಒಂದು ಮನೆಯನ್ನು ‘ಮಲಗಿದಲ್ಲೇ ನಕ್ಷತ್ರ ಕಾಣುವ ಮನೆ’ ಎಂದು ಒಬ್ಬ ಅಮಲ್ದಾರರಿಗೆ ಒಪ್ಪಿಸಿದವನು ನಾನು. ಅವರು ಮಳೆಗಾಲದಲ್ಲೂ ನನ್ನನ್ನು ಹೊಗಳುತ್ತಿದ್ದರು. ದಲ್ಲಾಳಿ ಮುನಿಯಲ್ಲಪ್ಪ ಬರುತ್ತಿದ್ದಾನೆ ಅಂದರೆ ಮೈಸೂರು ಸೀಮೆಯ ಬೀಗಗಳೆಲ್ಲ ತಾವಾಗಿ ಕಳಚಿಕೊಳ್ಳುತ್ತಿದ್ದ ಕಾಲ ಅದು. ಅಂಥ ನನ್ನ ಕೈಯಲ್ಲೂ ಮಾರಲಾಗದೆ ಉಳಿದದ್ದು ಒಂದೇ ಮನೆ, ಶ್ರೀನಿವಾಸಪುರದ ಮಂಡಿ ಸಾಹುಕಾರ ವೆಂಕಟರಾಯಪ್ಪನವರದು.

ಸಾಹುಕಾರರದು ಮಾವು, ಹುಣಸೆ, ಒಣಮೆಣಸಿನಕಾಯಿ ವ್ಯಾಪಾರ. ಅವರು ಇಲ್ಲಿ ಸೀನಿದರೆ ಅಲ್ಲಿ ಮದರಾಸಿನಲ್ಲಿ ಉಪ್ಪಿನಕಾಯಿ ದರ ಏರುತ್ತಿತ್ತು. ಇಷ್ಟಿದ್ದೂ ಗಂಡ ಹೆಂಡತಿ ಬದುಕಿದ್ದು ಮಂಡಿಯ ಹಿಂದಿನ ಒಂದೇ ಕೋಣೆಯಲ್ಲಿ. ಸುತ್ತ ಉಗ್ರಾಣವಾದ್ದರಿಂದ ಅದಕ್ಕೆ ಕಿಟಕಿ ಇರಲಿಲ್ಲ. ಮೆಣಸಿನಕಾಯಿ ಘಾಟು ಎಷ್ಟಿತ್ತೆಂದರೆ ಗೋಡೆಯ ಮೇಲಿನ ಹಲ್ಲಿಗಳೂ ಕೆಮ್ಮುತ್ತಿದ್ದವು. ಹೆಂಡತಿ ಶ್ಯಾಮಲಮ್ಮನಿಗೆ ಉಬ್ಬಸ ಹಿಡಿಯಿತು. ಕೋಲಾರದ ಡಾಕ್ಟರು ಸಾಹುಕಾರರನ್ನು ಪಕ್ಕಕ್ಕೆ ಕರೆದು, “ಔಷಧಿ ಆಮೇಲೆ. ಈಕೆಯನ್ನು ಮೊದಲು ಗಾಳಿ ಇರೋ ಮನೆಗೆ ಸೇರಿಸಿ. ಇಲ್ಲದಿದ್ದರೆ ಹೆಚ್ಚು ದಿನ ಇಲ್ಲ” ಅಂದರು. ಆಗ ನನ್ನ ನೆನಪಾಯಿತು ಸಾಹುಕಾರರಿಗೆ.

“ಏಮಯ್ಯಾ ಮುನಿಯಲ್ಲಪ್ಪಾ, ಇರೋದ್ರಲ್ಲಿ ದೊಡ್ಡ ಮನೆ ತೋರ್ಸಯ್ಯಾ” ಅಂದರು.

ಮೊದಲು ಮಾಲೂರು. ಇಟ್ಟಿಗೆ ಗೂಡಿನ ಮಾಲೀಕರ ಎರಡಂತಸ್ತಿನ ಬಂಗಲೆ. ಮದರಾಸು ಮೈಲು ರೈಲು ಹಾದುಹೋದಾಗ ಹಜಾರದ ಮಂಚ ತಾನಾಗಿ ನಡೆದು ಅಡುಗೆಮನೆ ಬಾಗಿಲಿಗೆ ಹೋಗಿ ನಿಂತಿತು. “ಸಾಹುಕಾರ್ರೇ, ಕುಳಿತಲ್ಲೇ ಊಟಕ್ಕೆ ಕರೆದುಕೊಂಡು ಹೋಗೋ ಮಂಚ” ಅಂದೆ. ಅವರು ನಗಲಿಲ್ಲ. ಗೂಡಿನ ಹೊಗೆಗೆ ಶ್ಯಾಮಲಮ್ಮ ಒಳಗೇ ಬರಲಿಲ್ಲ.

ಆಮೇಲೆ ಕೋಲಾರದಲ್ಲಿ ವಕೀಲರೊಬ್ಬರ ಬಂಗಲೆ. ಕಿಟಕಿಗೆಲ್ಲ ಬಣ್ಣದ ಗಾಜು, ಒಳಗೆ ನಿಂತರೆ ಸಾಹುಕಾರರ ಮುಖ ಹಸಿರು, ನನ್ನದು ನೇರಳೆ. ಬಾವಿ ಮಾತ್ರ ಆಳ. ಕೊಡ ಬಿಟ್ಟರೆ ಚಿನ್ನದ ಗಣಿಯೊಳಗಿನ ಕೂಲಿಯವರು ಕೆಳಗಿನಿಂದ ತಲೆ ನೋಡ್ಕೊಳ್ರೋ ಅಂತ ಕೂಗುತ್ತಿದ್ದರು.

ಮುಳಬಾಗಿಲಿನದು ಹಳೇ ಜಹಗೀರುದಾರರ ಕಂಬದ ಮನೆ. ಒಂದೊಂದು ಕಂಬ ತಬ್ಬಲು ಮೂವರು ಬೇಕು. ಸೂರಿನ ತುಂಬ ಬಾವಲಿ. ಆದರೆ ಜಗಲಿಯ ಮೇಲೆ ಬೆಟ್ಟದ ಕಡೆಯ ಗಾಳಿ ಬೀಸುತ್ತಿತ್ತು. ಶ್ಯಾಮಲಮ್ಮ ಕಂಬಕ್ಕೆ ಒರಗಿ ಕುಳಿತು ಕಣ್ಣು ಮುಚ್ಚಿದರು. ಎಷ್ಟೋ ಹೊತ್ತು ಕೆಮ್ಮಲಿಲ್ಲ.

“ನನಗೆ ಈ ಜಗಲಿ ಸಾಕು ಕಣ್ರೀ. ಇಲ್ಲೇ ಇದ್ದುಬಿಡೋಣ” ಅಂದರು.

“ನಿನಗೇನು ತಲೆ ಕೆಟ್ಟಿದೆಯಾ? ಅಷ್ಟು ದುಡ್ಡು ಸುರಿದು ಬಾವಲಿಗಳ ಜತೆ ಸಂಸಾರ ಮಾಡಬೇಕಾ?” ಅಂದರು ಸಾಹುಕಾರರು. ನನ್ನ ಕಡೆ ತಿರುಗಿ, “ಒಂದು ಮನೆಯಾದರೂ ಹೇಳಿದ ಬೆಲೆ ಬಾಳುತ್ತೇನಯ್ಯಾ? ಬ್ಯಾಡ. ಈ ಮೂರನ್ನೂ ನಾಚಿಸೋ ಹಂಗೆ ನಾನೇ ಕಟ್ಟಿಸ್ತೀನಿ ನೋಡ್ತಾ ಇರು” ಅಂದರು.

ಕಟ್ಟಿಸಿದರು. ಮಂಡಿಯ ಎದುರಿನ ಮೈದಾನದಲ್ಲೇ ಮಹಡಿ ಮನೆ, ಮಾಲೂರಿನ ಇಟ್ಟಿಗೆ, ಕೋಲಾರದಂಥ ಗಾಜು, ಮುಳಬಾಗಿಲಿನಂಥ ಕಂಬ. ಮುಂಬಾಗಿಲಲ್ಲಿ ನಿಂತು ಕೂಗಿದರೆ ಹಿತ್ತಿಲಿನವರಿಗೆ ಕೇಳಿಸುವಷ್ಟರಲ್ಲಿ ಅನ್ನ ಆರಿಹೋಗುತ್ತಿತ್ತು. ಗಾಳಿಯಂತೂ, ಹೊಸ ಪಂಚೆ ಉಟ್ಟು ಹಜಾರ ದಾಟಿದವನು ಆಚೆ ಬದಿಗೆ ಬರೀ ಲಂಗೋಟಿಯಲ್ಲಿ ತಲುಪುತ್ತಿದ್ದ. ಶ್ಯಾಮಲಮ್ಮ ದಿನಾ ಬಂದು ಗಾರೆ ಕೆಲಸ ನೋಡುತ್ತ ಕುಳಿತಿರುತ್ತಿದ್ದರು. ಎಲ್ಲಿ ಮಲಗೋದು, ಎಲ್ಲಿ ಒಲೆ ಹಾಕೋದು ಎಂದು ನನಗೇ ತೋರಿಸಿದ್ದರು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಆ ಮೂರು ಊರಿನ ಮನೆಗಳಲ್ಲೂ ಇಲ್ಲದ್ದು ಒಂದು ಬೇಕು ಅನ್ನಿಸಿತು ಸಾಹುಕಾರರಿಗೆ. ಹಜಾರದ ನಡುವೆ ಆಳೆತ್ತರದ ಕಲ್ಲಿನ ಲಕ್ಷ್ಮಿ. ಇಬ್ಬರೂ ಶಿಲ್ಪಿಗಳ ಊರು ಶಿವಾರಪಟ್ಟಣಕ್ಕೆ ಹೋದೆವು. ಅಲ್ಲಿನ ಉಳಿಯ ಸದ್ದಿಗೆ ಊರಿನ ಕಾಗೆಗಳೂ ತಾಳಕ್ಕೆ ಸರಿಯಾಗಿ ಕೂಗುತ್ತವೆ. ಆಚಾರಿ ಅಳತೆ ಕೇಳಿ ಉಳಿ ಕೆಳಗಿಟ್ಟ.

“ಯಾವ ಗುಡಿಗೆ ಸ್ವಾಮಿ? ಮನೆಗಾದರೆ ಗೇಣುದ್ದದ ಮೇಲೆ ನಾವು ಕಡೆಯೋದಿಲ್ಲ.”

“ಗುಡಿಗೇ ಕಣಪ್ಪಾ! ಹೊಸ ಗುಡಿ ಕಟ್ಟಿಸ್ತಾ ಇದ್ದೀನಿ. ದೇವರ ಕೆಲಸ, ರೇಟು ಸ್ವಲ್ಪ ನೋಡಿ ಹೇಳು” ಅಂದರು ಸಾಹುಕಾರರು, ರೆಪ್ಪೆ ಅಲುಗಿಸದೆ.

ಆಚಾರಿ ಕೈಮುಗಿದು ಅರ್ಧ ಕೂಲಿಗೆ ಒಪ್ಪಿಕೊಂಡ. ಬರುವಾಗ ಬಸ್ಸಿನಲ್ಲಿ ಸಾಹುಕಾರರು ಎಷ್ಟು ನಕ್ಕರೆಂದರೆ ಡ್ರೈವರು ಎರಡು ಸಲ ಬಸ್ಸು ನಿಲ್ಲಿಸಿ ಏನಾಯ್ತೆಂದು ನೋಡಿದ.

ಗೃಹಪ್ರವೇಶದ ದಿನ ಇಡೀ ತಾಲ್ಲೂಕು ಸೇರಿತ್ತು. ಅಮಲ್ದಾರರು ಮುಂದಿನ ಸಾಲಿನಲ್ಲಿದ್ದರು. ಕಣ್ಣಿಗೆ ಬಟ್ಟೆ ಕಟ್ಟಿದ ಲಕ್ಷ್ಮಿಯ ಗಾಡಿಯ ಹಿಂದೆಯೇ ಮಡಿ ಉಟ್ಟು ಆಚಾರಿಯೂ ಬಂದ. ಅವನನ್ನು ಯಾರೂ ಕರೆದಿರಲಿಲ್ಲ. ಆದರೆ ಗುಡಿಯ ದೇವರಿಗೆ ಕಣ್ಣು ಬಿಡಿಸುವುದು ಕಡೆದವನ ಕೆಲಸ, ಅದಕ್ಕೆ ಕರೆ ಯಾಕೆ? ಕಂಬ, ತೋರಣ, ಜನ, ಹೋಮದ ಹೊಗೆ ಎಲ್ಲ ನೋಡಿದ. ಇದಕ್ಕಿಂತ ಭಾರಿ ಗುಡಿಯನ್ನು ಅವನು ಕಂಡಿರಲಿಲ್ಲ. ವಿಗ್ರಹವನ್ನು ಪೀಠಕ್ಕೆ ಏರಿಸಿದ ಕೂಡಲೇ ಬಟ್ಟೆ ಬಿಚ್ಚಿ, ಮಂತ್ರ ಹೇಳಿ, ಚಿನ್ನದ ಸೂಜಿಯಿಂದ ಎರಡೂ ಕಣ್ಣು ಬಿಡಿಸಿ ಕನ್ನಡಿ ಹಿಡಿದ. ಜನ ‘ಅಮ್ಮಾ ತಾಯೀ’ ಎಂದು ನೆಲಕ್ಕೆ ಬಿದ್ದರು.

ನಿಲ್ಲಿಸಪ್ಪಾ, ಇದು ನನ್ನ ಮನೆ ಅಂದಿದ್ದರೆ ಸಾಕಿತ್ತು. ಸಾಹುಕಾರರು ಬಾಯಿ ತೆರೆದದ್ದನ್ನು ನಾನು ನೋಡಿದೆ. ಹಾಗೆ ಅಂದಿದ್ದರೆ ಆಚಾರಿಗೆ ಸುಳ್ಳು ಹೇಳಿದ್ದು ಅಮಲ್ದಾರರ ಎದುರಿಗೆ ಬಯಲಾಗುತ್ತಿತ್ತು. ಬಾಯಿ ಮುಚ್ಚಿಕೊಂಡು ಅವರೂ ಅಡ್ಡ ಬಿದ್ದರು.

ಹೋಮ ಮಾಡಿಸಿದ ಜೋಯಿಸರು, “ಆಳೆತ್ತರದ ತಾಯಿ ಕಣ್ಣು ಬಿಟ್ಟಾಯ್ತು. ಇನ್ನು ಮೂರು ಹೊತ್ತು ಪೂಜೆ, ನೈವೇದ್ಯ. ಈ ಸೂರಿನಡಿ ಸಂಸಾರ ನಡೆಯೋ ಹಾಗಿಲ್ಲ” ಅಂದರು. ಅದು ದೊಡ್ಡ ಗೌರವ ಅಂತ ಊರೆಲ್ಲ ಸಾಹುಕಾರರ ಕೈ ಕುಲುಕಿತು.

ಆದರೂ ಶ್ಯಾಮಲಮ್ಮ ಹಾಸಿಗೆ ತಂದರು. ಮೂರೇ ದಿನಕ್ಕೆ ಸುತ್ತಿಕೊಂಡು ಮಂಡಿಯ ಕೋಣೆಗೆ ವಾಪಸು ಹೊರಟರು.

“ಅಮ್ಮಾ, ಹಿಂದಿನ ಕೋಣೆಯಲ್ಲಿ ಇರಬಹುದಲ್ಲ?” ಅಂದೆ.

“ಆಕೆ ಕಣ್ಣು ಬಿಟ್ಟು ನೋಡ್ತಾ ಇರುವಾಗ ನಾನು ಕಾಲು ಚಾಚೋದು ಹೆಂಗೆ ಮುನಿಯಲ್ಲಣ್ಣ? ಕೆಮ್ಮಿ ಉಗಿಯೋದಾದ್ರೂ ಎಲ್ಲಿ?” ಅಂದರು. ಹೊಸ್ತಿಲು ದಾಟುವಾಗ ಲಕ್ಷ್ಮಿಗೆ ಕೈಮುಗಿದೇ ಹೋದರು.

ಸಾಹುಕಾರರು ನನ್ನ ಕೈ ಹಿಡಿದುಕೊಂಡರು. “ಮಾರಿಸಿಬಿಡಯ್ಯಾ. ಕೈಯಲ್ಲಿದ್ದ ದುಡ್ಡೆಲ್ಲ ಇದಕ್ಕೇ ಸುರಿದೆ. ಎಷ್ಟಕ್ಕಾದರೂ ಸರಿ. ಮುಳಬಾಗಿಲಿನ ಮನೆ ತಗೊಳ್ಳೋಣ.”

ನಾನು ತಿರುಗದ ಊರಿಲ್ಲ. ನನ್ನ ಚಪ್ಪಲಿ ಸವೆದು, ಕಾಲು ಸವೆದು, ನಾನೇ ಒಂದು ಮೊಳ ಕುಳ್ಳಗಾದೆ. ಬಂದವರೆಲ್ಲ ಬಾಗಿಲಲ್ಲೇ ಚಪ್ಪಲಿ ಬಿಡುತ್ತಿದ್ದರು, ತೀರ್ಥ ತಗೊಳ್ಳುತ್ತಿದ್ದರು, ಹೋಗುತ್ತಿದ್ದರು. ಲಕ್ಷ್ಮಿಯನ್ನು ಬೇರೆ ಕಡೆ ಇಡಿಸೋಣ ಅಂದರೆ ಕೈ ಹಚ್ಚುವ ಕೂಲಿಯಾಳು ಒಬ್ಬನೂ ಸಿಗಲಿಲ್ಲ. ನಾನು ಆನೆಗಳನ್ನು ಎತ್ತಿದವನು, ಆದರೂ ಅದಕ್ಕೆ ಕೈ ಹಚ್ಚಲಿಲ್ಲ.

ಆಮೇಲೆ ನಲವತ್ತೆರಡನೇ ಇಸವಿ ಬಂತು. ಜಪಾನಿನವರು ಮದರಾಸಿನ ಮೇಲೆ ಬಾಂಬು ಹಾಕುತ್ತಾರಂತೆ ಎಂದು ಮದರಾಸು ಗಂಟುಮೂಟೆ ಕಟ್ಟಿಕೊಂಡು ನಮ್ಮ ಕಡೆ ಹರಿಯಿತು. ಕುರಿದೊಡ್ಡಿಗೂ ಬಾಡಿಗೆ! ನಾನು ಹಿಗ್ಗಿ ಒಬ್ಬ ಜವಳಿ ವ್ಯಾಪಾರಿ ಮೊದಲಿಯಾರರನ್ನು ಕಾರಿನಲ್ಲಿ ಕರೆತಂದೆ. ಕೇಳಿದಷ್ಟು ಕೊಡುತ್ತೇನೆ ಅಂದಿದ್ದರು. ಅಂದು ಶುಕ್ರವಾರ, ಒಳಗೆ ಹೆಂಗಸರು ಆರತಿ ಎತ್ತುತ್ತಿದ್ದರು. ಮೊದಲಿಯಾರರು ಬೂಟು ಬಿಚ್ಚಿದರು, ಕಣ್ಣಿಗೆ ಒತ್ತಿಕೊಂಡರು, ತಟ್ಟೆಗೆ ಬೆಳ್ಳಿ ರೂಪಾಯಿ ಹಾಕಿ ಕುಂಕುಮ ಹಚ್ಚಿಕೊಂಡು ಹೊರಗೆ ಬಂದರು.

“ಬಹಳ ಕಳೆಯಿರೋ ದೇವಿ. ಸರಿ, ಮನೆ ಎಲ್ಲಿದೆ ತೋರಿಸಿ” ಅಂದರು.

ಇದೇ ಅಂದೆ. ಅವರು ನನ್ನನ್ನು ನೋಡಿದರು, ಕಾರು ಹತ್ತಿದರು.

ಮಂಡಿಯ ಬಾಗಿಲಲ್ಲಿ ನಿಂತು ಸಾಹುಕಾರರು ಎಲ್ಲ ನೋಡುತ್ತಿದ್ದರು. ಅವರ ಹಿಂದೆ ಶ್ಯಾಮಲಮ್ಮನ ಉಸಿರು ರಸ್ತೆಗೆ ಕೇಳುತ್ತಿತ್ತು.

“ಮಾರೋದು ಬಿಡು. ಇವಳಿಗೊಂದು ಕಿಟಕಿ ಇರೋ ಕೋಣೆ ಬಾಡಿಗೆಗೆ ನೋಡು. ಎಲ್ಲಾದರೂ.”

ಮುಳಬಾಗಿಲಿಗೆ ಓಡಿದೆ. ಕಂಬದ ಮನೆಯಲ್ಲಿ ಮದರಾಸಿನ ಏಳು ಸಂಸಾರ ಇಳಿದಿದ್ದವು. ಆ ಜಗಲಿಯನ್ನೇ ಸೀರೆ ಕಟ್ಟಿ ಮೂರು ಪಾಲು ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಕೋಲಾರದಲ್ಲಿ ಇಲ್ಲ, ಮಾಲೂರಿನಲ್ಲಿ ಗೂಡಿನ ಪಕ್ಕದ ಶೆಡ್ಡೂ ಇಲ್ಲ. ಬರಿಗೈಲಿ ಬಂದು ನಿಂತಾಗ ಶ್ಯಾಮಲಮ್ಮ ದಿಂಬಿಗೆ ಒರಗಿ ಕುಳಿತಿದ್ದರು.

“ಸಿಕ್ತಾ?” ಅಂದರು.

“ಒಂದು ಅರಮನೆ ನೋಡಿ ಬಂದಿದ್ದೀನಮ್ಮ, ಬರೀ ಕಿಟಕಿಗಳೇ, ಗೋಡೆಯೇ ಇಲ್ಲ” ಅಂದೆ.

“ಸುಳ್ಳು ಹೇಳಬೇಡ ಕಣೋ” ಅಂದರು. ಅಷ್ಟು ಹೇಳುವುದಕ್ಕೇ ಅವರಿಗೆ ಬಹಳ ಹೊತ್ತು ಹಿಡಿಯಿತು.

ಎರಡು ದಿನ ಕಳೆದು ಬೆಳಿಗ್ಗೆ ಹೋಗಿಬಿಟ್ಟರು.

ಸಾಹುಕಾರರು ಅಳಲಿಲ್ಲ. ಎದುರು ಮನೆಯತ್ತ ನೋಡಿ, “ಒಂದು ಗಳಿಗೆ ಅವಳ ಮನೆ ಜಗಲಿ ಮೇಲೆ ಮಲಗಿಸ್ತೀನಿ. ಆಮೇಲೆ ತಗೊಂಡು ಹೋಗೋಣ” ಅಂದರು.

ನಾನು ರಸ್ತೆ ದಾಟುವಷ್ಟರಲ್ಲಿ, ಪೂಜೆಗೆ ನಿಂತಿದ್ದ ಜೋಯಿಸರು ದೊಡ್ಡ ಬಾಗಿಲು ಎಳೆದು ಬೀಗ ಹಾಕುತ್ತಿದ್ದರು. ಬೀದಿಯಲ್ಲಿ ಹೆಣ ಇರುವಾಗ ಗುಡಿ ತೆರೆದಿರಬಾರದು. ನನಗೆ ತಿಳಿದ ಮಾತೆಲ್ಲ ಆಡಿದೆ. ಬೇಡಿಕೊಂಡೆ, ಗದರಿಸಿದೆ, ಕಟ್ಟಿಸಿದ್ದೇ ಆಕೆಗೋಸ್ಕರ ಅಂದೆ, ಜಗಲಿ ಹೊರಗೇ ಇದೆಯಲ್ಲ ಅಂದೆ. ಹುಟ್ಟಿದಾಗಿನಿಂದ ನನ್ನ ಮಾತಿಗೆ ತಲೆ ಆಡಿಸದವರಿರಲಿಲ್ಲ.

ಜೋಯಿಸರು ಕೆಟ್ಟವರಲ್ಲ. ಅವರ ಕಣ್ಣಲ್ಲೂ ನೀರಿತ್ತು. ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, “ಬೇಗ ಎತ್ತಿಸಪ್ಪಾ ಮುನಿಯಲ್ಲಪ್ಪಾ. ನೈವೇದ್ಯದ ಹೊತ್ತು ಮೀರ್ತಾ ಇದೆ. ಒಳಗೆ ತಾಯಿ ಹಸಿದಿರ್ತಾಳೆ” ಅಂದರು.

ಎತ್ತಿದೆವು. ಮುಂದೆ ಸಾಹುಕಾರರು, ಹಿಂದೆ ನಾನು. ಆಕೆ ಭಾರವೇ ಇರಲಿಲ್ಲ.